ಅಟ್ಟದಿಂದ ಇಳಿದ ಮಾದರಿ ಕಾರು: ದೋಷ ಪತ್ತೆ ಮತ್ತು ನಿವಾರಣೆ

ಮೂವತ್ತು ನಲವತ್ತು ವರ್ಷ ಅಟ್ಟದ ಮೇಲೋ ಟ್ರಂಕಿನೊಳಗೋ ಬಿದ್ದಿದ್ದ ಪ್ಲಾಸ್ಟಿಕ್ ಮಾದರಿ ಕಾರಿನಲ್ಲಿ ಒಂದೇ ದೋಷ ಇರುವುದು ಅಪರೂಪ. ಬಣ್ಣ ದಪ್ಪಗೆ ಮೆತ್ತಿರುತ್ತದೆ, ಅಂಟು ಕಿಟಕಿಯ ಮೇಲೆ ಹರಿದಿರುತ್ತದೆ, ಟೈರು ಚಕ್ರವನ್ನು ಕಚ್ಚಿಕೊಂಡಿರುತ್ತದೆ, ಬಂಪರಿನ ಹೊಳಪು ಪೊರೆಪೊರೆಯಾಗಿ ಎದ್ದಿರುತ್ತದೆ, ಮೇಜಿನ ಮೇಲಿಟ್ಟರೆ ಒಂದು ಕಾಲು ಗಿಡ್ಡವಾದ ಮಣೆಯಂತೆ ಅಲ್ಲಾಡುತ್ತದೆ. ಇವುಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಆದ್ದರಿಂದ ಹೆಚ್ಚಿನವರು ಮೊದಲು ಕೈಹಾಕುವುದೂ ಬಣ್ಣಕ್ಕೇ. ನಲವತ್ತು ವರ್ಷ ಕೆಡದೆ ಉಳಿದ ಭಾಗ ಒಂದೇ ರಾತ್ರಿಯಲ್ಲಿ ಕೆಡುವುದು ಈ ಹಂತದಲ್ಲಿ. ಒಂದು ದೋಷಕ್ಕೆ ಮಾಡಿದ ಮದ್ದು ಇನ್ನೊಂದನ್ನು ಕೆರಳಿಸುತ್ತದೆ. ಬಣ್ಣ ಬಿಡಿಸುವ ದ್ರಾವಣ ಬಂಪರಿನ ಹೊಳಪನ್ನು ತಿನ್ನುತ್ತದೆ, ತಿರುಚು ಸರಿಪಡಿಸುವ ಬಿಸಿನೀರು ಮೆತ್ತಗಾದ ಪ್ಲಾಸ್ಟಿಕ್ಕನ್ನು ಕುಸಿಯುವಂತೆ ಮಾಡುತ್ತದೆ. ಹಾಗಾಗಿ ಇಲ್ಲಿ ದೋಷಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡದೆ, ಪರೀಕ್ಷಿಸಬೇಕಾದ ಕ್ರಮದಲ್ಲಿ ಇಟ್ಟಿದ್ದೇನೆ.

ಉದಾಹರಣೆಗೆ ನನ್ನ ಮುಂದಿರುವುದು 1957ರ ಶೆವರ್ಲೆ ಬೆಲ್ ಏರ್ ಕಾರಿನ 1/25 ಅಳತೆಯ ಮಾದರಿ. ನಿಜವಾದ ಕಾರು 200 ಇಂಚು, ಅಂದರೆ 508 ಸೆಂ.ಮೀ. ಉದ್ದ, ಮಾದರಿ 20 ಸೆಂ.ಮೀ.ಗಿಂತ ಕೊಂಚ ಹೆಚ್ಚು. ಎಪ್ಪತ್ತರ ದಶಕದಲ್ಲಿ ಸೋದರಮಾವ ಅಮೆರಿಕದಿಂದ ಬರುವಾಗ ತಂದದ್ದು. ಹೈಸ್ಕೂಲಿನಲ್ಲಿದ್ದ ಅವರ ಮಗ ಅದನ್ನು ಅರ್ಧ ಜೋಡಿಸಿ, ಕುಂಚದಲ್ಲಿ ಕೆಂಪು ಬಳಿದು, ಬೇಸರ ಬಂದು ಬಿಟ್ಟ. ಆಮೇಲೆ ಅದು ಮೈಸೂರಿನ ಮನೆಯಲ್ಲಿ ರೇಷ್ಮೆ ಸೀರೆಗಳಿದ್ದ ತಗಡಿನ ಟ್ರಂಕಿನ ತಳ ಸೇರಿತು. ಈ ಬಗೆಯ ಕಿಟ್‌ಗಳಲ್ಲಿ ಬಿಡಿಭಾಗಗಳು ಬೇಕಾದ್ದಕ್ಕಿಂತ ಹೆಚ್ಚಿರುವುದನ್ನು ಮೊದಲೇ ತಿಳಿದಿರಬೇಕು. ಅಮೆರಿಕದ ಎ.ಎಂ.ಟಿ. ಕಂಪನಿ 1958ರಲ್ಲಿ ‘ಒಂದರಲ್ಲಿ ಮೂರು’ ಎಂಬ ಪದ್ಧತಿ ತಂದಿತು. ಅದರಂತೆ ಒಂದೇ ಪೆಟ್ಟಿಗೆಯ ಭಾಗಗಳಿಂದ ಕಾರ್ಖಾನೆಯಿಂದ ಹೊರಬಂದಂಥ ಕಾರನ್ನೋ, ಮಾರ್ಪಡಿಸಿದ ಕಾರನ್ನೋ, ರೇಸ್ ಕಾರನ್ನೋ ಕಟ್ಟಬಹುದು. ಆದ್ದರಿಂದ ಪೆಟ್ಟಿಗೆಯಲ್ಲಿ ಎರಡು ಬಗೆಯ ಬಂಪರು, ಮೂರು ಬಗೆಯ ಚಕ್ರ ಸಿಕ್ಕರೆ ಬೇರೆ ಕಿಟ್ಟಿನವು ಬೆರೆತಿವೆ ಎಂದುಕೊಂಡು ಎಸೆಯಬಾರದು.

ಮೊದಲ ಪ್ರಶ್ನೆ: ಇದು ಯಾವ ಪ್ಲಾಸ್ಟಿಕ್?

ಕಿಟ್ ರೂಪದಲ್ಲಿ ಬಂದ ಮಾದರಿ ಕಾರುಗಳು ಬಹುಪಾಲು ಪಾಲಿಸ್ಟೈರೀನ್‌ನವು. ಆದರೆ 1950ರ ದಶಕದಲ್ಲಿ ಅಮೆರಿಕದ ಕಾರು ಮಾರಾಟಗಾರರು ಗಿರಾಕಿಗಳಿಗೆಂದು ಇಟ್ಟುಕೊಳ್ಳುತ್ತಿದ್ದ, ಜೋಡಿಸಿಯೇ ಸಿಗುತ್ತಿದ್ದ ಪ್ರಚಾರದ ಮಾದರಿಗಳಲ್ಲಿ ಅನೇಕವು ಸೆಲ್ಯುಲೋಸ್ ಅಸಿಟೇಟ್‌ನವು. ಕಾಲ ಕಳೆದಂತೆ ಕುಗ್ಗಿ ತಿರುಚಿಕೊಳ್ಳುವುದು ಆ ಪ್ಲಾಸ್ಟಿಕ್ಕಿನ ಹುಟ್ಟುಗುಣ. ನೋಟದಲ್ಲಿ ಎರಡೂ ಒಂದೇ ರೀತಿ. ಔಷಧ ಮಾತ್ರ ಬೇರೆ. ಪಾಲಿಸ್ಟೈರೀನ್‌ಗೆ ಏನೂ ಮಾಡದ ಕಾಸ್ಟಿಕ್ ಸೋಡಾ ಅಸಿಟೇಟನ್ನು ರಾಸಾಯನಿಕವಾಗಿಯೇ ಒಡೆಯುತ್ತದೆ.

ಇದನ್ನು ಪತ್ತೆ ಹಚ್ಚಲು ಅಡುಗೆಮನೆಯ ಉಪ್ಪು ಸಾಕು. ಒಂದು ಲೋಟ ನೀರಿಗೆ ಇನ್ನು ಕರಗದೆ ತಳದಲ್ಲಿ ನಿಲ್ಲುವವರೆಗೆ ಉಪ್ಪು ಹಾಕಿ ಕದಡಬೇಕು; 100 ಮಿ.ಲೀ. ನೀರಿಗೆ ಸುಮಾರು 36 ಗ್ರಾಂ ಹಿಡಿಯುತ್ತದೆ. ಬಾನೆಟ್ಟಿನ ಒಳಮೈಯಿಂದ, ಯಾರಿಗೂ ಕಾಣದ ಕಡೆಯಿಂದ, ಬ್ಲೇಡಿನಲ್ಲಿ ಸಾಸಿವೆಕಾಳಿನಷ್ಟು ಚೂರು ಹೆರೆದು ಅದರಲ್ಲಿ ಹಾಕಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸೇರಿಸಿ, ಕಡ್ಡಿಯಿಂದ ಚೂರನ್ನು ಕೆಳಕ್ಕೆ ಅದುಮಬೇಕು. ಹನಿ ಸೇರಿಸದಿದ್ದರೆ ಮೈಗಂಟಿದ ಗಾಳಿಗುಳ್ಳೆ ಯಾವ ಚೂರನ್ನಾದರೂ ತೇಲಿಸಿ ದಾರಿ ತಪ್ಪಿಸುತ್ತದೆ. ಗಟ್ಟಿ ಉಪ್ಪುನೀರಿನ ಸಾಂದ್ರತೆ 1.2ರ ಹತ್ತಿರ, ಪಾಲಿಸ್ಟೈರೀನ್‌ನದು 1.05, ಅಸಿಟೇಟ್‌ನದು 1.3ರ ಆಸುಪಾಸು. ಚೂರು ಮತ್ತೆ ಮೇಲೆ ಬಂದರೆ ಪಾಲಿಸ್ಟೈರೀನ್ ಎಂದು ಮುಂದುವರಿಯಬಹುದು. ತಳ ಹಿಡಿದರೆ ಕಾಸ್ಟಿಕ್ ಸೋಡಾದ ಮಾತೇ ಬೇಡ. ಹಳೆಯ ಅಸಿಟೇಟ್ ಕೆಲವೊಮ್ಮೆ ವಿನೆಗರಿನಂತೆ ಹುಳಿ ವಾಸನೆಯನ್ನೂ ಬೀರುತ್ತದೆ.

ಮೈ ಜಿಗುಟಾಗಿದೆ, ಉಗುರು ಊರುತ್ತದೆ

ನನ್ನ ಬೆಲ್ ಏರ್‌ನಲ್ಲಿ ಈ ದೋಷ ಇದ್ದುದು ನನಗೆ ತಡವಾಗಿ ತಿಳಿಯಿತು. ಛಾವಣಿಯ ಮೇಲೆ ಒಂದು ರೂಪಾಯಿ ನಾಣ್ಯದಗಲದ ಕಡೆ ಬಣ್ಣ ಅತಿಯಾಗಿ ಹೊಳೆಯುತ್ತಿತ್ತು, ಬೆರಳಿಟ್ಟರೆ ರೇಖೆಗಳು ಮೂಡುತ್ತಿದ್ದವು. ಬಣ್ಣ ಇನ್ನೂ ಒಣಗಿಲ್ಲ ಎಂದು ಮೊದಲು ಅನ್ನಿಸಿತು. ನಲವತ್ತು ವರ್ಷ ಒಣಗದ ಬಣ್ಣ ಇರಲಾರದು ಎಂಬುದು ಹೊಳೆಯಲು ಒಂದು ದಿನ ಬೇಕಾಯಿತು. ಕಾರಣ ಟ್ರಂಕಿನ ವಾಸನೆಯಲ್ಲೇ ಇತ್ತು. ಸೀರೆಗಳ ನಡುವೆ ಇಟ್ಟಿದ್ದ ನುಸಿಗುಳಿಗೆ ಛಾವಣಿಯ ಮೇಲೆಯೇ ಉರುಳಿ ನಿಂತಿತ್ತು.

ನುಸಿಗುಳಿಗೆಯ ನ್ಯಾಫ್ತಲೀನ್ ಘನರೂಪದಿಂದ ನೇರವಾಗಿ ಆವಿಯಾಗುವ ವಸ್ತು. ಅದೂ ಪಾಲಿಸ್ಟೈರೀನೂ ಬೆಂಜೀನ್ ಉಂಗುರವುಳ್ಳ ಒಂದೇ ಮನೆತನದವಾದ್ದರಿಂದ ಆ ಆವಿ ಪ್ಲಾಸ್ಟಿಕ್ಕಿನೊಳಕ್ಕೆ ಸುಲಭವಾಗಿ ಇಳಿದು, ಅಣುಗಳ ನಡುವೆ ಸೇರಿ, ಅದನ್ನು ಮೆತ್ತಗೆ ಮಾಡುತ್ತದೆ. ಹತ್ತಿರದ ಲಕ್ಷಣಗಳಿಂದ ಇದನ್ನು ಬೇರ್ಪಡಿಸುವ ಬಗೆ ಹೀಗೆ: ಬಣ್ಣ ಮಾತ್ರ ಜಿಗುಟಾಗಿದ್ದರೆ ಬಣ್ಣವಿಲ್ಲದ ಒಳಮೈ ಗಟ್ಟಿಯಾಗಿರುತ್ತದೆ, ನ್ಯಾಫ್ತಲೀನ್ ಇಳಿದಿದ್ದರೆ ಒಳಮೈಯಲ್ಲೂ ಉಗುರಿನ ಗುರುತು ಬೀಳುತ್ತದೆ.

ಇದಕ್ಕೆ ಗಾಳಿಯೊಂದೇ ಮದ್ದು. ತೊಳೆಯುವುದು, ಉಜ್ಜುವುದು, ಥಿನ್ನರಿನಲ್ಲಿ ಒರೆಸುವುದು ಯಾವುದೂ ಸಲ್ಲದು. ಬಿಸಿಲು ಬೀಳದ, ಗಾಳಿಯಾಡುವ, ಜನ ಮಲಗದ ಕಡೆ ಬಾಡಿಯನ್ನು ಅದರ ಆಕಾರ ಕೆಡದಂತೆ ಒಳಗೆ ಹತ್ತಿ ತುಂಬಿ ಇಡಬೇಕು. ಎಷ್ಟು ದಿನ ಎಂಬುದನ್ನು ಊಹೆಗೆ ಬಿಡುವ ಬದಲು ತೂಕದಿಂದ ತಿಳಿಯುವುದು ಮೇಲು. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ಎರಡು ದಿನಕ್ಕೊಮ್ಮೆ ಬಾಡಿಯನ್ನು ತೂಗಿ ಬರೆದಿಟ್ಟುಕೊಂಡೆ. ಮೊದಲ ವಾರ ಪ್ರತಿ ಸಲವೂ ಅಂಕಿ ಇಳಿಯಿತು, ಆಮೇಲೆ ಇಳಿಕೆ ನಿಧಾನವಾಯಿತು, ಆರನೆಯ ವಾರದಲ್ಲಿ ನಿಂತಿತು. ಅಂಕಿ ಎರಡು ವಾರ ಕದಲದೆ ನಿಂತ ಮೇಲೆ ಛಾವಣಿ ಉಗುರಿಗೆ ಗಟ್ಟಿಯಾಗಿತ್ತು. ತಗ್ಗು ಮಾತ್ರ ಹಾಗೇ ಉಳಿಯಿತು, ಅದನ್ನು ಪುಟ್ಟಿ ಹಾಕಿ ತುಂಬಬೇಕಾಯಿತು. ಈ ಕಾಯುವಿಕೆ ಮುಗಿಯುವ ಮುನ್ನ ಮುಂದಿನ ಯಾವ ಹೆಜ್ಜೆಯನ್ನೂ ಇಡಬಾರದು.

ಅಂಟು: ಯಾವುದು ಎಂದು ತಿಳಿಯದೆ ಎಳೆಯಬೇಡಿ

ಅಂಟು ಮೆತ್ತಿಕೊಂಡ ಹಳೆಯ ಮಾದರಿಗಳನ್ನು ಈ ಹವ್ಯಾಸದವರು ‘ಗ್ಲೂ ಬಾಂಬ್’ ಎಂದೇ ಕರೆಯುತ್ತಾರೆ, ಮತ್ತು ಅವು ಅಗ್ಗವಾಗಿ ಸಿಗುವುದಕ್ಕೂ ಅದೇ ಕಾರಣ. ಆದರೆ ಅಂಟುಗಳಲ್ಲಿ ಜಾತಿಗಳಿವೆ, ಒಂದಕ್ಕೆ ಸಲ್ಲುವ ಉಪಾಯ ಇನ್ನೊಂದಕ್ಕೆ ಸಲ್ಲದು.

ಟ್ಯೂಬಿನಲ್ಲಿ ಬರುತ್ತಿದ್ದ ಹಳೆಯ ಪ್ಲಾಸ್ಟಿಕ್ ಸಿಮೆಂಟು ನಿಜವಾದ ಅರ್ಥದಲ್ಲಿ ಅಂಟೇ ಅಲ್ಲ. ಅದರಲ್ಲಿದ್ದ ಟಾಲ್ವೀನ್‌ನಂಥ ದ್ರಾವಕ ಎರಡು ಭಾಗಗಳ ಮೈಯನ್ನು ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಇದರ ಗುರುತು ಸುಲಭ: ಗಡ್ಡೆ ಪ್ಲಾಸ್ಟಿಕ್ಕಿನ ಬಣ್ಣವನ್ನೇ ಪಡೆದಿರುತ್ತದೆ, ಅಂಚು ಕರಗಿ ಹೊರಳಿರುತ್ತದೆ, ಜೇಡರ ಬಲೆಯಂಥ ಎಳೆಗಳು ಅಲ್ಲಲ್ಲಿ ಚಾಚಿರುತ್ತವೆ, ಬೆರಳಚ್ಚು ಮೂಡಿರುತ್ತದೆ. ನನ್ನ ಕಾರಿನ ಡ್ರೈವರ್ ಬಾಗಿಲಿನ ಮೇಲೆ ಹದಿಮೂರು ವರ್ಷದ ಹುಡುಗನೊಬ್ಬನ ಹೆಬ್ಬೆರಳಿನ ಗುರುತು ಇಂದಿಗೂ ಸ್ಪಷ್ಟವಾಗಿದೆ. ಸೂಪರ್ ಗ್ಲೂ, ಅಂದರೆ ನಮ್ಮಲ್ಲಿ ಫೆವಿಕ್ವಿಕ್ ಎಂದು ಪರಿಚಿತವಾದ ಬಗೆಯದು, ಗಾಜಿನಂತೆ ಗಟ್ಟಿಯಾಗಿ ಪಾರದರ್ಶಕವಾಗಿರುತ್ತದೆ ಮತ್ತು ಸುತ್ತಲೂ ಬೂದಿ ಉದುರಿದಂತೆ ಬಿಳಿ ಮಂಜನ್ನು ಬಿಟ್ಟಿರುತ್ತದೆ. ಅರಾಲ್ಡೈಟ್‌ನಂಥ ಎಪಾಕ್ಸಿ ದಪ್ಪಗೆ, ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಬಿಳಿ ಫೆವಿಕಾಲ್ ಹಾಲುಬಣ್ಣದ ಪೊರೆಯಾಗಿರುತ್ತದೆ. ರಬ್ಬರ್ ಅಂಟು ಕಂದಾಗಿ, ಎಳೆದರೆ ಹಿಗ್ಗುತ್ತದೆ.

ಬಿಳಿ ಫೆವಿಕಾಲ್ ಎಂದು ಖಚಿತವಾದರೆ ಉಗುರುಬೆಚ್ಚನೆಯ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿದರೆ ಮುಗಿಯಿತು. ರಬ್ಬರ್ ಅಂಟನ್ನು ಬೆರಳಿನಿಂದಲೇ ಉರುಳಿಸಿ ತೆಗೆಯಬಹುದು. ಉಳಿದ ಮೂರಕ್ಕೂ ಮೊದಲ ಪ್ರಯತ್ನ ಫ್ರೀಜರ್. ಮಾದರಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಬಿಡಬೇಕು. ಮನೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಬಟಾಣಿ ಪೊಟ್ಟಣದ ಪಕ್ಕ ಬಂಪರಿಲ್ಲದ ಕಾರು ಕಂಡ ನನ್ನ ಅಮ್ಮ ಅದನ್ನು ತೆಗೆದು ಕಿಟಕಿಯ ಬಿಸಿಲಿಗಿಟ್ಟಿದ್ದರು. ತಂಪಿಗೆ ಸೂಪರ್ ಗ್ಲೂ ಮತ್ತು ಎಪಾಕ್ಸಿ ಪೆಡಸಾಗುತ್ತವೆ. ಮೈತುಂಬ ಬೆಸೆದುಕೊಳ್ಳದೆ ಅಲ್ಲಲ್ಲಿ ಮಾತ್ರ ಹಿಡಿದ ಸಿಮೆಂಟಿನ ಬೆಸುಗೆಯೂ ಬಿಡುತ್ತದೆ. ಹೊರತೆಗೆದ ಕೂಡಲೇ ಬೆಸುಗೆಯ ಗೆರೆಗೆ ತೆಳುವಾದ ಬ್ಲೇಡನ್ನು ತೂರಿಸಿ, ಎಳೆಯದೆ, ಮೆಲ್ಲಗೆ ತಿರುಚಬೇಕು. ‘ಟಿಕ್’ ಎಂಬ ಸಣ್ಣ ಸದ್ದು ಕೇಳಿದರೆ ಬಿಟ್ಟಿತೆಂದು ಅರ್ಥ. ಪ್ಲಾಸ್ಟಿಕ್ ಕೂಡ ಆಗ ಪೆಡಸಾಗಿರುವುದರಿಂದ ಕಿಟಕಿಯ ಕಂಬಗಳ ಹತ್ತಿರ ಬಲ ಹಾಕಬಾರದು. ಎರಡು ನಿಮಿಷದಲ್ಲಿ ಬಿಡದಿದ್ದರೆ ಮತ್ತೆ ಫ್ರೀಜರಿಗೆ.

ಮೂರು ಸಲವಾದರೂ ಬಿಡದ ಬೆಸುಗೆ ನಿಜವಾಗಿಯೂ ಒಂದಾಗಿ ಹೋಗಿದೆ. ಅದನ್ನು ಬಿಡಿಸುವ ದ್ರಾವಕವನ್ನು ಹುಡುಕುವುದು ವ್ಯರ್ಥ, ಏಕೆಂದರೆ ಅಲ್ಲಿ ಅಂಟು ಬೇರೆ ಪ್ಲಾಸ್ಟಿಕ್ ಬೇರೆ ಎಂಬ ಭೇದವೇ ಉಳಿದಿರುವುದಿಲ್ಲ. ತೆಳುವಾದ ಗರಗಸದ ಬ್ಲೇಡಿನಿಂದ ಗೆರೆಯನ್ನು ಕೊಯ್ದು, ಕಳೆದುಹೋದ ದಪ್ಪಕ್ಕೆ ಆಮೇಲೆ ಪ್ಲಾಸ್ಟಿಕ್ ಹಾಳೆಯ ಪಟ್ಟಿ ಸೇರಿಸಬೇಕು. ಸೂಪರ್ ಗ್ಲೂ ಕರಗಿಸುತ್ತದೆಂದು ನೇಲ್ ಪಾಲಿಶ್ ರಿಮೂವರನ್ನೋ ಅಸಿಟೋನನ್ನೋ ಬಳಸುವುದು ನೆಗಡಿಗೆ ಮೂಗು ಕೊಯ್ದಂತೆ; ಅಂಟಿಗಿಂತ ಮೊದಲು ಬಾಡಿಯೇ ಕರಗುತ್ತದೆ.

ಗಡ್ಡೆಗಳನ್ನು ಉಜ್ಜಿ ತೆಗೆಯುವ ಮುನ್ನ ಒಂದು ಎಚ್ಚರಿಕೆ ಬೇಕು. ದಪ್ಪ ಗಡ್ಡೆಯ ಒಡಲಿನಲ್ಲಿ ದ್ರಾವಕ ಬಹುಕಾಲ ಉಳಿದಿರಬಹುದು. ಮೇಲಿನ ಗಟ್ಟಿ ತೊಗಟೆಯನ್ನು ತೆಗೆದಾಗ ವಾಸನೆ ಬಂದರೆ ಅಥವಾ ಒಳಗೆ ಮೆತ್ತಗಿದ್ದರೆ ಅಲ್ಲಿಗೇ ನಿಲ್ಲಿಸಿ ಕೆಲವು ವಾರ ಒಣಗಲು ಬಿಡಬೇಕು. ಅವಸರದಲ್ಲಿ ನಯಗೊಳಿಸಿ ಬಣ್ಣ ಬಳಿದರೆ ತಿಂಗಳ ಮೇಲೆ ಅದೇ ಜಾಗ ಬಣ್ಣದಡಿಯಲ್ಲಿ ತಗ್ಗುತ್ತದೆ, ಪುಟ್ಟಿ ಕುಗ್ಗಿತೆಂದು ಪುಟ್ಟಿಯನ್ನು ಬೈಯುವಂತಾಗುತ್ತದೆ. ಇಂಥ ಗುಂಡಿಗಳಿಗೆ ಟ್ಯೂಬಿನ ದ್ರಾವಕ ಪುಟ್ಟಿಗಿಂತ ಎರಡು ಭಾಗ ಬೆರೆಸುವ, ಒಣಗುವಾಗ ಕುಗ್ಗದ ಪುಟ್ಟಿಯೇ ಲೇಸು.

ಬಣ್ಣ ಬಿಡಿಸುವುದು

ಇದಕ್ಕೂ ಮೊದಲು ಹೊಳಪು ಲೇಪದ ಭಾಗಗಳು, ಪಾರದರ್ಶಕ ಭಾಗಗಳು, ಟೈರುಗಳು ಬಾಡಿಯಿಂದ ಪೂರ್ತಿ ಬೇರ್ಪಟ್ಟಿರಬೇಕು. ಮತ್ತೆ, ಕಾಣುತ್ತಿರುವುದು ಬಣ್ಣವೇ ಹೌದೇ ಎಂದು ನೋಡಬೇಕು. ಅನೇಕ ಕಿಟ್‌ಗಳ ಪ್ಲಾಸ್ಟಿಕ್ಕೇ ಬಣ್ಣದ್ದು. ಒಳಮೈಯೂ ಅದೇ ಬಣ್ಣದ್ದಾಗಿದ್ದು, ಅಂಚುಗಳಲ್ಲಿ ಪದರ ಕಾಣದಿದ್ದರೆ ಬಿಡಿಸಲು ಏನೂ ಇಲ್ಲ.

ಬಣ್ಣದ ಜಾತಿಯನ್ನು ಹತ್ತಿಕಡ್ಡಿಯಿಂದ ತಿಳಿಯಬಹುದು. ಕಾಣದ ಕಡೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ ಒಂದು ನಿಮಿಷ ಬಿಟ್ಟು ಉಜ್ಜಿದರೆ ಅಕ್ರಿಲಿಕ್ ಬಣ್ಣ ಹತ್ತಿಗೆ ಧಾರಾಳವಾಗಿ ಬರುತ್ತದೆ. ಹಳೆಯ ಎನಾಮೆಲ್ ಬಹುಮಟ್ಟಿಗೆ ಅಲುಗದು. ಲ್ಯಾಕರ್ ಕೊಂಚ ಮೆತ್ತಗಾಗಿ ನಿಧಾನಕ್ಕೆ ಒಪ್ಪಿಕೊಳ್ಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲೆಂದು ಸಿಗುವುದು ಇದೇ ಆಲ್ಕೋಹಾಲ್. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ನೀರೂ ಇತರ ವಸ್ತುಗಳೂ ಬೆರೆತಿರುವುದರಿಂದ ಅದರಿಂದ ಕೆಲಸವಾಗದು.

ಅಕ್ರಿಲಿಕ್ ಮತ್ತು ಲ್ಯಾಕರಿಗೆ ಆಲ್ಕೋಹಾಲಿನಲ್ಲೇ ಮುಳುಗಿಸಿ, ಗಂಟೆಗೊಮ್ಮೆ ನೋಡುತ್ತ ಬ್ರಶ್ಶಿನಿಂದ ಉಜ್ಜುವುದು ಸಾಕು. ಎನಾಮೆಲಿಗೆ ಎರಡು ದಾರಿಗಳಿವೆ. ಮೊದಲನೆಯದು ಕಾಸ್ಟಿಕ್ ಸೋಡಾ: ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಸೋಡಾವನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಕರಗಿಸಬೇಕು. ಸೋಡಾದ ಮೇಲೆ ನೀರು ಸುರಿಯುವುದು ಅಪಾಯ, ಅದು ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೈಗವಸು ಮತ್ತು ಕನ್ನಡಕ ಇಲ್ಲದೆ ಇದನ್ನು ಮುಟ್ಟಬಾರದು. ಮಕ್ಕಳಿರುವ ಮನೆಯಲ್ಲಿ ಬೀಗದೊಳಗೆ ಇಡಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಬಳಸಲೇಬಾರದು, ಏಕೆಂದರೆ ಸೋಡಾ ಅದನ್ನು ತಿಂದು ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಹೊರಡಿಸುತ್ತದೆ. ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಬಕೆಟ್ಟು ಸರಿಯಾದದ್ದು. ಎರಡನೆಯದು ಬ್ರೇಕ್ ಆಯಿಲ್. ಡಬ್ಬದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿರಬೇಕು. ಅವು ಗ್ಲೈಕಾಲ್ ವರ್ಗದವು. ಡಾಟ್ 5 ಸಿಲಿಕೋನ್ ಎಣ್ಣೆಯಾದ್ದರಿಂದ ಬಣ್ಣಕ್ಕೆ ಏನೂ ಮಾಡದು, ಮೈಗಂಟಿದ ಜಿಡ್ಡು ಮಾತ್ರ ಮುಂದಿನ ಬಣ್ಣವನ್ನು ನಿಲ್ಲಗೊಡದು. ನಾನು ಸೋಡಾವನ್ನೇ ಮೆಚ್ಚುತ್ತೇನೆ: ಅದು ನೀರಿನಿಂದ ಪೂರ್ತಿ ತೊಳೆದುಹೋಗುತ್ತದೆ, ಬ್ರೇಕ್ ಆಯಿಲನ್ನು ಮೋರಿಗೆ ಚೆಲ್ಲುವಂತೆಯೂ ಇಲ್ಲ, ಎಲ್ಲಿಡುವುದೆಂದೂ ತಿಳಿಯದು.

ಎರಡರಲ್ಲಿ ಯಾವುದಾದರೂ ಸರಿ, ‘ರಾತ್ರಿಯಿಡೀ ನೆನೆಯಲಿ’ ಎಂದು ಮಲಗಿಬಿಡಬಾರದು. ಮೊದಲ ದಿನ ನಾಲ್ಕು ಗಂಟೆಗೊಮ್ಮೆ ತೆಗೆದು ನೋಡಬೇಕು. ಬಣ್ಣ ಸುಕ್ಕುಗಟ್ಟಿ ಎದ್ದ ಕೂಡಲೇ ನೀರಿನಡಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಬೇಕು. ಬಾಗಿಲ ಗೆರೆಗಳಲ್ಲಿ ಉಳಿದದ್ದನ್ನು ಕೆದಕಲು ಸೂಜಿ ಬೇಡ, ಅದು ಗೆರೆಯನ್ನು ಆಳ ಮಾಡುತ್ತದೆ. ತೆಂಗಿನ ಪೊರಕೆಯ ಕಡ್ಡಿಯೊಂದನ್ನು ಓರೆಯಾಗಿ ಕತ್ತರಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಉಪಕರಣ ನನಗೆ ಇನ್ನೂ ಸಿಕ್ಕಿಲ್ಲ. ಸಾಮಾನ್ಯ ಎನ್.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರ್ ಮತ್ತು ಪೆಟ್ರೋಲ್ ಬಣ್ಣವನ್ನು ಬೇಗ ಬಿಡಿಸುತ್ತವೆ ಎಂದು ಹಾರ್ಡ್‌ವೇರ್ ಅಂಗಡಿಯವರು ಹೇಳುವುದುಂಟು. ಅವರ ಮಾತು ತಗಡಿನ ಬಾಗಿಲಿಗೆ ಸರಿ. ಪಾಲಿಸ್ಟೈರೀನ್‌ಗೆ ಅವು ವಿಷ.

ಬಂಪರಿನ ಹೊಳಪು

ಕಿಟ್ಟಿನ ಬಂಪರು, ಗ್ರಿಲ್ಲುಗಳ ಕ್ರೋಮ್ ನಿಜವಾದ ಕ್ರೋಮಿಯಂ ಅಲ್ಲ. ಪ್ಲಾಸ್ಟಿಕ್ಕಿನ ಮೇಲೆ ಒಂದು ಲ್ಯಾಕರ್ ಪದರ, ಅದರ ಮೇಲೆ ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದ ಅತಿ ತೆಳುವಾದ ಅಲ್ಯೂಮಿನಿಯಂ. ಇಷ್ಟು ತಿಳಿದರೆ ದೋಷಗಳ ಅರ್ಧಭಾಗ ತಾನಾಗಿಯೇ ವಿವರಣೆಯಾಗುತ್ತದೆ. ಹೊಳಪು ಅಳಿಸಿಹೋಗಿ ಕೆಳಗೆ ಹಳದಿ ಛಾಯೆ ಕಂಡರೆ ಅಲ್ಯೂಮಿನಿಯಂ ಮಾತ್ರ ಹೋಗಿದೆ, ಲ್ಯಾಕರ್ ಉಳಿದಿದೆ. ಪೊರೆ ಎದ್ದು ಕೆಳಗೆ ಪ್ಲಾಸ್ಟಿಕ್ ಕಂಡರೆ ಲ್ಯಾಕರಿನ ಹಿಡಿತವೇ ಸಡಿಲಿದೆ. ಬಣ್ಣ ಬಿಡಿಸುವ ಸೋಡಾದಲ್ಲಿ ಬಂಪರು ಬಿದ್ದರೆ ಅದು ಕ್ಷಣಗಳಲ್ಲಿ ಬೋಳಾಗುವುದಕ್ಕೂ ಅಲ್ಯೂಮಿನಿಯಮ್ಮೇ ಕಾರಣ.

ಅಲ್ಲಲ್ಲಿ ಮಾತ್ರ ಕೆಟ್ಟಿದ್ದರೆ ಮೂಲ ಹೊಳಪನ್ನೇ ಉಳಿಸಿಕೊಂಡು, ಹೋದ ಕಡೆ ಕ್ರೋಮ್ ಪೆನ್ನಿನಿಂದ ತಿದ್ದುವುದು ನನ್ನ ಆಯ್ಕೆ. ಹಳೆಯದರ ಹೊಳಪಿಗೆ ಮನೆಯಲ್ಲಿ ಮಾಡುವ ಯಾವ ಲೇಪವೂ ಸಮನಾಗದು. ಪೂರ್ತಿ ಕೆಟ್ಟಿದ್ದರೆ ಬಟ್ಟೆಗೆ ಬಳಸುವ ಕ್ಲೋರಿನ್ ಬ್ಲೀಚಿನಲ್ಲಿ ಹಾಕಿದರೆ ಅಲ್ಯೂಮಿನಿಯಂ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ ಕೆಳಗಿನ ಲ್ಯಾಕರನ್ನು ಆಲ್ಕೋಹಾಲಿನಲ್ಲಿ ಬಿಡಿಸಬೇಕು. ಬ್ಲೀಚನ್ನು ಆಲ್ಕೋಹಾಲಿನೊಂದಿಗಾಗಲಿ, ಟಾಯ್ಲೆಟ್ ತೊಳೆಯುವ ಆಮ್ಲದೊಂದಿಗಾಗಲಿ ಒಂದೇ ಪಾತ್ರೆಯಲ್ಲಿ ಬೆರೆಸಬಾರದು. ಮೊದಲನೆಯದರಿಂದ ಕ್ಲೋರೋಫಾರ್ಮ್, ಎರಡನೆಯದರಿಂದ ಕ್ಲೋರಿನ್ ಅನಿಲ ಹುಟ್ಟುತ್ತದೆ. ಬೋಳಾದ ಬಂಪರಿಗೆ ಹೊಳೆಯುವ ಕಪ್ಪು ಬಣ್ಣ ಬಳಿದು, ಅದು ಕನ್ನಡಿಯಂತೆ ಒಣಗಿದ ಮೇಲೆ ಕ್ರೋಮ್ ಬಣ್ಣ ಸಿಂಪಡಿಸಬೇಕು. ಬೆಲ್ ಏರ್‌ನ ಪಕ್ಕದ ಪಟ್ಟಿಗಳಂಥ ತೆಳು ಗೆರೆಗಳಿಗೆ ಅಂಟುಳ್ಳ ತೆಳು ಬೇಗಡೆ ಹಚ್ಚುವುದೇ ಸರಿ. ಅಡುಗೆಮನೆಯ ಫಾಯಿಲ್ ದಪ್ಪವಾಗಿ, ಮೂಲೆಗಳಲ್ಲಿ ಸುಕ್ಕುಗಟ್ಟುತ್ತದೆ.

ಟೈರಿನ ಕಚ್ಚು

ಕಿಟ್ಟಿನ ಮೆತ್ತನೆಯ ಟೈರು ರಬ್ಬರಿನದಲ್ಲ, ವಿನೈಲ್‌ನದು. ಅದನ್ನು ಮೆತ್ತಗಿರಿಸಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ಹೊರಬಂದು, ತಾಗಿದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ನನ್ನ ಪೆಟ್ಟಿಗೆಯಲ್ಲಿ ಜೋಡಿಸದ ಟೈರೊಂದು ವಿಂಡ್‌ಶೀಲ್ಡಿನ ಮೇಲೆ ಮಲಗಿತ್ತು. ಟೈರನ್ನು ಎತ್ತಿದಾಗ ಗಾಜಿನ ಮೇಲೆ ಅದರ ಪಟ್ಟೆಗಳು, ನಡುವಿನ ಸೀಳುಗಳ ಸಮೇತ, ಮುದ್ರೆ ಒತ್ತಿದಂತೆ ಮೂಡಿದ್ದವು. ಈ ದೋಷವನ್ನು ಅಂಟಿನ ಕಲೆ ಎಂದು ತಪ್ಪು ತಿಳಿಯುವುದುಂಟು. ಗುರುತಿನ ಆಕಾರ ಟೈರಿನದ್ದೇ ಆಗಿದ್ದರೆ ಅನುಮಾನ ಬೇಡ. ಕಚ್ಚಿಕೊಂಡ ಚಕ್ರವನ್ನು ಬಿಡಿಸಲು ಟೈರನ್ನು ಬಲಿಕೊಟ್ಟು ಬ್ಲೇಡಿನಿಂದ ಸೀಳುವುದೇ ಮೇಲು. ಚಕ್ರದ ಅಂಚನ್ನು ಉಜ್ಜಿ ಸರಿಪಡಿಸಿ, ಮತ್ತೆ ಟೈರು ತೊಡಿಸುವಾಗ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ನಡುವೆ ಒಂದು ಸುತ್ತು ಹಾಕಿದರೆ ಕಚ್ಚು ಮರಳದು. ಟೈರನ್ನು ಸೋಪಿನಲ್ಲಿ ತೊಳೆದರೆ ಮೇಲಿನ ಜಿಡ್ಡು ಹೋಗುತ್ತದೆ, ಒಳಗಿನದು ಬರುತ್ತಲೇ ಇರುತ್ತದೆ.

ಗಾಜು ಮಂಜಾಗಿದೆ

ಮಂಜಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಬೇಕು. ನೀರಿದ್ದಷ್ಟು ಹೊತ್ತು ಅಲ್ಲಿ ತಿಳಿಯಾಗಿ ಕಂಡರೆ ದೋಷ ಮೇಲ್ಮೈಯದು: ಗೀರುಗಳೋ, ಸೂಪರ್ ಗ್ಲೂವಿನ ಬಿಳಿ ಆವಿಯೋ. ನೀರು ಹಾಕಿದರೂ ಒಳಗೆ ಬಲೆಯಂಥ ಬಿರುಕುಗಳು ಮಿನುಗಿದರೆ ದ್ರಾವಕ ಒಳಕ್ಕೆ ಇಳಿದಿದೆ, ಅದಕ್ಕೆ ಉಪಾಯವಿಲ್ಲ. ಮೊದಲ ಬಗೆಗೆ 1500, 2000, 2500 ನಂಬರಿನ ವಾಟರ್ ಪೇಪರನ್ನು ಅದೇ ಕ್ರಮದಲ್ಲಿ, ನೀರಿನೊಂದಿಗೆ, ಪ್ರತಿ ಹಂತದಲ್ಲೂ ದಿಕ್ಕು ಬದಲಿಸಿ ಉಜ್ಜಬೇಕು. ಕೊನೆಗೆ ಕಾರು ಪಾಲಿಶ್ ಮಾಡುವ ಕಾಂಪೌಂಡು ಅಥವಾ ಬಿಳಿ ಟೂತ್‌ಪೇಸ್ಟು. ಹಿಂದಿನ ನಂಬರಿನ ಗೀರು ಪೂರ್ತಿ ಹೋಗದೆ ಮುಂದಿನದಕ್ಕೆ ಹೋದವರು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ, ನಾನೂ ಎರಡು ಸಲ ಆರಂಭಿಸಿದ್ದೇನೆ.

ಟೈರು ಕಚ್ಚಿದ ನನ್ನ ವಿಂಡ್‌ಶೀಲ್ಡಿನ ಗುರುತು ಉಜ್ಜಿ ತೆಗೆಯಲಾರದಷ್ಟು ಆಳವಿತ್ತು. ಗಾಜು ಹೆಚ್ಚು ಬಾಗಿರದ ಮಾದರಿಗಳಲ್ಲಿ ಅಂಗಿಯ ಪೆಟ್ಟಿಗೆಯ ಪಾರದರ್ಶಕ ಮುಚ್ಚಳದಿಂದ ಹೊಸದನ್ನು ಕತ್ತರಿಸಬಹುದು. ಬೆಲ್ ಏರ್‌ನ ಮುಂಗಾಜು ಎರಡೂ ಪಕ್ಕಕ್ಕೆ ಸುತ್ತಿ ಬರುವುದರಿಂದ ಅದು ಒಪ್ಪಲಿಲ್ಲ. ಇನ್ನೊಂದು ಕೆಟ್ಟ ಕಿಟ್ಟಿನಿಂದ ಗಾಜನ್ನು ಪಡೆಯಬೇಕಾಯಿತು. ಮುಚ್ಚಳದ ಹಾಳೆಗೆ ಪ್ಲಾಸ್ಟಿಕ್ ಸಿಮೆಂಟು ಹಿಡಿಯದು, ಬಿಳಿ ಫೆವಿಕಾಲನ್ನು ತೆಳುವಾಗಿ ಹಚ್ಚಿದರೆ ಪಾರದರ್ಶಕವಾಗಿ ಒಣಗಿ ಸಾಕಷ್ಟು ಹಿಡಿಯುತ್ತದೆ.

ತಿರುಚು

ಗ್ರಾನೈಟ್ ಅಡುಗೆಕಟ್ಟೆಯ ಮೇಲೆ ಕಾರಿನ ತಳಭಾಗವಾದ ಚಾಸಿಯನ್ನು ಒಂಟಿಯಾಗಿ, ಆಮೇಲೆ ಬಾಡಿಯನ್ನು ಒಂಟಿಯಾಗಿ ಇಟ್ಟು, ಪ್ರತಿ ಮೂಲೆಯ ಕೆಳಗೆ ಕಾಗದದ ಚೂರನ್ನು ತೂರಿಸಿ ನೋಡಬೇಕು. ಎರಡನ್ನೂ ಕೂಡಿಸಿದ ಮೇಲೆ ನೋಡಿದರೆ ತಪ್ಪು ಯಾವುದರದ್ದೆಂದು ತಿಳಿಯದು, ಏಕೆಂದರೆ ಗಟ್ಟಿಯಾದದ್ದು ತೆಳುವಾದದ್ದನ್ನು ತನ್ನ ಆಕಾರಕ್ಕೆ ಎಳೆಯುತ್ತದೆ. ತಿರುಚಿದ ಭಾಗವನ್ನು 60ರಿಂದ 70 ಡಿಗ್ರಿಯ ನೀರಿನಲ್ಲಿ ಒಂದೆರಡು ನಿಮಿಷ ಹಿಡಿದು, ಚಿಮುಟದಿಂದ ತೆಗೆದು, ತಿರುಚಿನ ವಿರುದ್ಧ ದಿಕ್ಕಿಗೆ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬಗ್ಗಿಸಿ, ತಣ್ಣೀರಿಗೆ ಅದ್ದಬೇಕು. ಪಾಲಿಸ್ಟೈರೀನ್ ಪೂರ್ತಿ ಮೆತ್ತಗಾಗುವುದು 100 ಡಿಗ್ರಿಯ ಹತ್ತಿರವಾದ್ದರಿಂದ ಕುದಿಯುವ ನೀರು ಭಾಗವನ್ನು ಸರಿಪಡಿಸದೆ ಮುದುಡಿಸುತ್ತದೆ. ನುಸಿಗುಳಿಗೆಯ ಆವಿ ಇನ್ನೂ ಒಳಗಿರುವ ಪ್ಲಾಸ್ಟಿಕ್ಕಿಗೆ ಈ ಮಿತಿ ಇನ್ನೂ ಕೆಳಗೆ ಇಳಿದಿರುತ್ತದೆ. 60 ಡಿಗ್ರಿಯಲ್ಲೇ ಕುಸಿಯಬಹುದು. ತೂಕ ನಿಲ್ಲುವವರೆಗೆ ಕಾಯಬೇಕೆಂದು ಮೊದಲೇ ಹೇಳಿದ್ದು ಈ ಕಾರಣಕ್ಕೆ. ಬಗ್ಗಿಸಿದ ಮೇಲೆ ಚಪ್ಪಟೆ ಹಲಗೆಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು ಒಂದು ದಿನ ಬಿಡಬೇಕು, ಇಲ್ಲವಾದರೆ ಹಳೆಯ ತಿರುಚು ಮರಳುತ್ತದೆ.

ಹೊಸ ಬಣ್ಣಕ್ಕೆ ಮುನ್ನ

ಮುರಿದ ಕಿಟಕಿ ಕಂಬವನ್ನು ಬರೀ ಅಂಟಿನಿಂದ ಜೋಡಿಸಿದರೆ ಎರಡನೆಯ ಸಲ ಮುಟ್ಟಿದಾಗ ಬಿಡುತ್ತದೆ. ಎರಡೂ ತುದಿಗೆ ಕೈ ಡ್ರಿಲ್ಲಿನಿಂದ ಸಣ್ಣ ರಂಧ್ರ ಕೊರೆದು, ಗಿಟಾರಿನ ಅತ್ಯಂತ ತೆಳುವಾದ ತಂತಿಯ ಚೂರನ್ನು ಒಳಗೆ ಸೇರಿಸಿ ಅಂಟಿಸಬೇಕು. ಹಳದಿಗಟ್ಟಿದ ಡೆಕಲ್ ಹಾಳೆಯನ್ನು, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳ ಹಾಳೆಯನ್ನು, ಕಿಟಕಿಯ ಗಾಜಿಗೆ ಅಂಟಿಸಿ ಕೆಲವು ವಾರ ಬಿಸಿಲು ಬೀಳಿಸಿದರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಬಳಸುವ ಮುನ್ನ ಬೇಡದ ಒಂದು ಚಿತ್ರವನ್ನು ನೀರಿಗೆ ಹಾಕಿ ಚೂರಾಗುತ್ತದೆಯೇ ಎಂದು ನೋಡಿ, ಚೂರಾದರೆ ಇಡೀ ಹಾಳೆಗೆ ಡೆಕಲ್ ಫಿಲ್ಮ್ ದ್ರವದ ಒಂದು ಪದರ ಕೊಡಬೇಕು.

ಬಾಡಿಯ ಪ್ಲಾಸ್ಟಿಕ್ಕೇ ಕೆಂಪಾಗಿದ್ದು ಅದರ ಮೇಲೆ ಬಿಳಿ ಅಥವಾ ತಿಳಿ ಬಣ್ಣ ಬಯಸಿದ್ದರೆ ಒಳಮೈಯಲ್ಲಿ ಬಿಳಿ ಬಳಿದು ಮೂರು ದಿನ ನೋಡಬೇಕು. ಗುಲಾಬಿ ಛಾಯೆ ಏರಿದರೆ ಪ್ಲಾಸ್ಟಿಕ್ಕಿನ ಬಣ್ಣ ಮೇಲಕ್ಕೆ ಇಂಗುತ್ತಿದೆ. ಇನ್ನೆಷ್ಟು ಕೈ ಬಿಳಿ ಬಳಿದರೂ ಅದು ನಿಲ್ಲದು. ನಡುವೆ ಬೆಳ್ಳಿ ಬಣ್ಣದ ಒಂದು ಪದರ ಕೊಟ್ಟರೆ ಅದರ ಲೋಹದ ಚೂರುಗಳು ತಡೆಯಾಗುತ್ತವೆ. ಮಳೆಗಾಲದಲ್ಲಿ ಲ್ಯಾಕರ್ ಸಿಂಪಡಿಸಿದಾಗ ಮೇಲೆ ಹಾಲಿನಂಥ ಬಿಳುಪು ಕೂತರೆ ಅದು ಇಂಗುವಿಕೆಯಲ್ಲ, ಬಣ್ಣದ ಮೇಲೆ ಕೂತ ತೇವ. ಒಣ ದಿನ ನೋಡಿ ಮತ್ತೊಂದು ತೆಳು ಕೈ ಕೊಟ್ಟರೆ ಹೋಗುತ್ತದೆ.

ಎಲ್ಲ ಜೋಡಿಸಿ, ಬಾಡಿಯನ್ನು ಚಾಸಿಗೆ ಅಂಟಿಸದೆ ಬರಿದೇ ಕೂರಿಸಿ, ಮತ್ತೆ ಅದೇ ಗ್ರಾನೈಟಿನ ಮೇಲೆ ನಾಲ್ಕು ಚಕ್ರಗಳ ಕೆಳಗೂ ಕಾಗದ ತೂರಿಸಿ ನೋಡಬೇಕು. ಚಾಸಿ ಒಂಟಿಯಾಗಿ ಸಮವಿದ್ದೂ ಈಗ ಒಂದು ಚಕ್ರದಡಿ ಕಾಗದ ಸಲೀಸಾಗಿ ಜಾರಿದರೆ ದೋಷ ಎರಡು ಚಕ್ರಗಳನ್ನು ಕೂಡಿಸುವ ಅಚ್ಚಿನದು; ಅದೇ ಅಚ್ಚಿನ ಇನ್ನೊಂದು ತುದಿಯ ತೂತನ್ನು ದುಂಡು ಅರದಿಂದ ಕೊಂಚ ಮೇಲಕ್ಕೆ ಸವೆಸಿ, ಕಾಗದ ನಾಲ್ಕೂ ಕಡೆ ಒಂದೇ ರೀತಿ ಹಿಡಿಯುವವರೆಗೆ ನೋಡಿಕೊಂಡು, ಆಮೇಲೆಯೇ ಅಚ್ಚಿಗೆ ಅಂಟು ಹಾಕಬೇಕು.